ಚರ್ಮ ಯಾರದು, ಕೋಲು ಯಾರದು

ಶನಿವಾರ ಬೆಳಗಿನ ಶಾಲೆ. ಕೊನೇ ಪೀರಿಯಡ್ಡಿಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಎಂಟನೇ ಕ್ಲಾಸಿನ ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡುತ್ತಿರುತ್ತಾರೆ, ಡೊಳ್ಳು ಬಂತಾ ಅಂತ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಹಳ್ಳಿ, ಸುತ್ತ ಭದ್ರಾ ನಾಲೆಯ ಭತ್ತದ ಗದ್ದೆ. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ.

ಈ ಡೊಳ್ಳಿನ ತರಗತಿ ಶುರುವಾಗಿದ್ದು ಒಂದು ಬೇಜಾರಿನಿಂದ. ಎರಡು ವರ್ಷದ ಹಿಂದೆ ಆಫ್ರಿಕಾ ಖಂಡದ ಪಾಠ ಮಾಡುವಾಗ, ಆಫ್ರಿಕಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ ಅಂತ ಕೇಳಿದೆ. ಕಾಡು, ಸಿಂಹ, ಬಡತನ. ಇಡೀ ಕ್ಲಾಸಿಗೆ ಇದ್ದದ್ದು ಇಷ್ಟೇ ಉತ್ತರ. ಅಷ್ಟು ದೊಡ್ಡ ಖಂಡ, ಅಷ್ಟೊಂದು ಜನ, ಒಬ್ಬ ಮನುಷ್ಯನೂ ಮಕ್ಕಳ ಕಣ್ಣ ಮುಂದೆ ಬರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ ನನಗೆ. ಮನೆಯಲ್ಲಿ ತಮ್ಮ ಬೆಂಗಳೂರಿಂದ ತಂದು ಬಿಟ್ಟುಹೋದ ಒಂದು ಜೆಂಬೆ ಮೂಲೆಯಲ್ಲಿ ಧೂಳು ತಿನ್ನುತ್ತಾ ಇತ್ತು. ಮಾರನೇ ದಿನ ಅದನ್ನೇ ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋದೆ.

ಜೆಂಬೆ ಪಶ್ಚಿಮ ಆಫ್ರಿಕಾದ್ದು. ಗಿನಿ, ಮಾಲಿ ಕಡೆಯ ಮಲಿಂಕೆ ಜನರದ್ದು. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಒಡಲು, ಮೇಲೆ ಆಡಿನ ಚರ್ಮ, ಸುತ್ತ ಹಗ್ಗದ ಬಿಗಿತ. ಅಲ್ಲಿ ಕಸ್ಸಾ ಅಂತ ಒಂದು ಬಡಿತ ಇದೆ, ಹೊಲದ ಕೆಲಸಕ್ಕೆ, ಸುಗ್ಗಿಗೆ ಸೇರಿದ್ದು. ಆಳುಗಳು ಸಾಲಾಗಿ ಕೆಲಸ ಮಾಡುತ್ತಿದ್ದರೆ ಬಾರಿಸುವವರು ಜೊತೆಗೇ ನಿಂತು ಬಾರಿಸುತ್ತಾರೆ. ನಾಟಿ ಹಾಡು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. "ನಮ್ಮವ್ವನೂ ಹಾಡಿಲ್ದೆ ನಾಟಿ ಹಚ್ಚಲ್ಲ ಮಿಸ್" ಅಂತ ಒಬ್ಬಳು ಅಂದಳು. ಸಿಂಹ, ಕಾಡು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಒಂದು ದೇಶ, ಒಂದು ಬಡಿತ. ನಮ್ಮ ಹತ್ತಿರ ಇರುವುದು ಆ ಒಂದು ಜೆಂಬೆ, ಊರಿನ ಬೀರಪ್ಪನ ಗುಡಿಯಿಂದ ತರುವ ಎರಡು ಡೊಳ್ಳು, ಮತ್ತೆ ಹದಿನಾಲ್ಕು ಪೇಂಟ್ ಬಕೆಟ್. ಬಕೆಟ್ ಸಾಕು, ನಿಜವಾಗಿ ಹೇಳುತ್ತೇನೆ. ಯಾಕಂದ್ರೆ ಮೊದಲು ಕಲಿಯೋದು ಬಾಯಲ್ಲಿ.

ಇದು ನನಗೆ ತುಂಬಾ ಇಷ್ಟವಾದ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮಲ್ಲಿ ಮೃದಂಗ, ತಬಲಾ ಕಲಿಯುವವರು ತ ಕ ಧಿ ಮಿ, ಧಾ ಧಿನ್ ಧಿನ್ ಧಾ ಅಂತ ಬಾಯಿಪಾಠ ಮಾಡುತ್ತಾರೆ ಅಲ್ವಾ? ನಾನು ಇದು ನಮ್ಮದೊಂದೇ ಪದ್ಧತಿ ಅಂದುಕೊಂಡಿದ್ದೆ. ಅಲ್ಲ. ಜಪಾನಿನಲ್ಲಿ ತೈಕೋ ಅನ್ನುವ ಚರ್ಮವಾದ್ಯ ಕಲಿಯುವವರು ನಡುವೆ ಹೊಡೆದರೆ ದೋನ್, ಅಂಚಿಗೆ ಹೊಡೆದರೆ ಕಾ, ಬೇಗ ಎರಡು ಹೊಡೆದರೆ ದೊಕೊ, ಸುಮ್ಮನೆ ಬಿಡುವ ಮಾತ್ರೆಗೆ ಸು ಅಂತ ಹೇಳಿಕೊಳ್ಳುತ್ತಾರೆ. ಸುಮ್ಮನಿರುವುದಕ್ಕೂ ಒಂದು ಸೊಲ್ಲು! ಅರಬ್ ನಾಡುಗಳಲ್ಲಿ ದುಮ್ ಮತ್ತು ತಕ್. ಕೊರಿಯಾದಲ್ಲಿ ಜಾಂಗು ಅಂತ ನಡು ಸಣ್ಣಗಿರುವ ವಾದ್ಯ ಇದೆ, ಎರಡೂ ಕೈ ಒಟ್ಟಿಗೆ ಬಿದ್ದರೆ ದೊಂಗ್, ಎಡಗೈ ಕುಂಗ್, ಬಲಗೈಯ ಸೀಳು ಕೋಲು ದೊಕ್. ಅಲ್ಲಿನ ಶಾಲೆ ಮಕ್ಕಳಿಗೆಲ್ಲ ಬರುವ ಒಂದು ಸಾಲು ಇದೆ. ದೊಂಗಿದೊಕ್ ಕುಂದೊರೊರೊರೊ, ಕುಂಗಿದೊಕ್ ಕುಂದೊರೊರೊರೊ.

ಒಂದು ಸಲ ಜೋರಾಗಿ ಹೇಳಿ ನೋಡಿ. ನಾಲಿಗೆ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಗಮನಿಸಿ. ಆ "ರೊರೊರೊ" ಬರುವಾಗ ಭುಜ ತಾನೇ ಮೇಲೇಳುತ್ತದೆ. ನಮ್ಮ ಮಕ್ಕಳು ಇದನ್ನು ವಾರಗಟ್ಟಲೆ ಹೇಳಿದರು. ಊಟದ ಸಾಲಿನಲ್ಲಿ, ಸೈಕಲ್ ಮೇಲೆ, ನಲ್ಲಿ ಹತ್ತಿರ. ಕೊರಿಯಾ ಎಲ್ಲಿದೆ ಅಂತ ನಕಾಶೆಯಲ್ಲಿ ತೋರಿಸೋಕೆ ಆಗ ಎಲ್ಲರೂ ಮುಂದೆ ಬಂದರು, ಬಾಯಲ್ಲಿ ಊರಿದ್ದರೆ ಬೆರಳು ಹುಡುಕುತ್ತದೆ.

ಈ ಕೊರಿಯಾದ ಬಡಿತ ರೈತರದ್ದು. ನೊಂಗಾಕ್ ಅನ್ನುತ್ತಾರೆ, ಪುಂಗ್ಮುಲ್ ಅಂತಲೂ ಹೆಸರಿದೆ. ಹಬ್ಬದಲ್ಲಿ ಮನೆ ಮನೆಗೆ ಹೋಗಿ ಬಾರಿಸಿ, ನೆಲ ತುಳಿದು, ಮನೆಯ ದೇವರಿಗೆ ಒಳ್ಳೇದು ಕೇಳುವುದು. ಊರುಗಳು ಖಾಲಿಯಾಗಿ ಜನ ಪೇಟೆ ಸೇರಿದಾಗ ಅದು ಸೊರಗತೊಡಗಿತು. 1978ರಲ್ಲಿ ಕಿಮ್ ದುಕ್-ಸೂ ಮತ್ತು ಅವರ ಜೊತೆಗಾರರು ನಾಲ್ಕೇ ವಾದ್ಯ ಇಟ್ಟುಕೊಂಡು ಸಿಯೋಲಿನ ಒಂದು ಸಣ್ಣ ರಂಗಮಂದಿರದಲ್ಲಿ ಬಾರಿಸಿದರು, ಅದೇ ಸಾಮುಲ್‌ನೋರಿ. ಚಿಕ್ಕ ಜಾಗಟೆ ಸಿಡಿಲು, ದೊಡ್ಡ ಜಾಗಟೆ ಗಾಳಿ, ಜಾಂಗು ಮಳೆ, ಬುಕ್ ಅನ್ನುವ ದಪ್ಪ ವಾದ್ಯ ಮೋಡ. ಮುಂದೆ 1980ರ ದಶಕದಲ್ಲಿ ಮಿಲಿಟರಿ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಾಗ ಪುಂಗ್ಮುಲ್ ಕೂಡ ಬೀದಿಗೆ ಬಂತು.

ತೈಕೋದ ಕತೆಯೂ ಇಂಥದ್ದೇ. ಒಂದು ವಾದ್ಯವಾಗಿ ಅದು ತುಂಬಾ ಹಳೇದು. ಆದರೆ ಸಾಲಾಗಿ ನಿಂತು ಸಣ್ಣದು ದೊಡ್ಡದು ಸೇರಿಸಿ ಒಟ್ಟಿಗೆ ಬಾರಿಸುವ ಈಗಿನ ರೂಪ ಹುಟ್ಟಿದ್ದು 1951ರಲ್ಲಿ, ನಾಗಾನೋ ಕಡೆಯ ದೈಹಾಚಿ ಓಗುಚಿ ಅನ್ನುವ ಜಾಝ್ ಡ್ರಮ್ಮರ್ ಕೈಯಲ್ಲಿ. ಇದು ತಿಳಿದಾಗ ನನಗೆ ಖುಷಿಯೇ ಆಯಿತು. ಪರಂಪರೆ ಅಂದ್ರೆ ಮುಟ್ಟದೆ ಕಪಾಟಿನಲ್ಲಿ ಇಡುವುದಲ್ಲ, ಯಾರೋ ಒಬ್ಬರು ಕೈ ಹಾಕಿ ಹೊಸದಾಗಿ ಜೋಡಿಸಿದ್ದಕ್ಕೇ ಅದು ಉಳಿಯಿತು.

ಕೇರಳದ ಚೆಂಡೆಯನ್ನೂ ಇದರ ಜೊತೆ ಸೇರಿಸಿದ್ದೆವು. ಕಲಿಯುವ ಮಕ್ಕಳು ಮೊದಲು ಹುಣಸೆ ಕೋಲಿನಿಂದ ಕಲ್ಲಿನ ಮೇಲೆ ಬಡಿದು ಕೈ ಕುದುರಿಸಿಕೊಳ್ಳುತ್ತಾರೆ ಅಂತ ಹೇಳಿದ್ದೇ ತಪ್ಪಾಯಿತು, ಸೋಮವಾರ ಬೆಳಿಗ್ಗೆ ಶಾಲೆಯ ಮುಂದಿನ ಕಲ್ಲುಬೆಂಚಿನ ಮೇಲೆ ಒಂಬತ್ತು ಜನ. ಪಂಚಾರಿ ಮೇಳ ಅನ್ನುವ ಚೆಂಡೆಯ ಗುಂಪು ವಾದನ 96 ಅಕ್ಷರದ, ಅಂದ್ರೆ 96 ಎಣಿಕೆಯ, ನಿಧಾನ ಸುತ್ತಿನಲ್ಲಿ ಶುರುವಾಗುತ್ತದೆ, ಆಮೇಲೆ 48, 24, 12, ಕೊನೆಗೆ 6. ಪ್ರತಿ ಹಂತದಲ್ಲೂ ಅರ್ಧಕ್ಕೆ ಅರ್ಧ. ಲೆಕ್ಕದ ಮೇಷ್ಟ್ರು ಅವತ್ತು ನಮ್ಮ ಜೊತೆಗೇ ಬಂದು ಕೂತರು.

ಮೊದಲ ವರ್ಷ ಹೀಗೇ ಸೊಗಸಾಗಿ ಕಳೆಯಿತು. ಆದರೆ ನನಗೊಂದು ಕೊರಗು ಇತ್ತು. ಪ್ರತಿ ದೇಶವನ್ನೂ ಒಂದು ಚೆಂದದ ಬಡಿತ ಮಾಡಿ ಮುಗಿಸುತ್ತಿದ್ದೇವೆ, ಆ ಜನರ ಬದುಕು ಎಲ್ಲಿ? ಅದಕ್ಕೆ ಎರಡನೇ ವರ್ಷದಿಂದ ಬೋರ್ಡಿನ ಮೇಲೆ ಮೊದಲು ಮೂರು ಪ್ರಶ್ನೆ ಬರೆಯುತ್ತೇನೆ. ಇದರ ಚರ್ಮ ಹದ ಮಾಡಿದವರು ಯಾರು? ಇದರ ಕೋಲು ಹಿಡಿಯುವವರು ಯಾರು? ಇದನ್ನು ಯಾರು ಮುಟ್ಟಬಾರದು? ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಸಮಾಜದ ಅರ್ಧ ಪಾಠ ಮುಗಿದ ಹಾಗೆ.

ಬುರುಂಡಿ ತಗೊಳ್ಳಿ. ಪೂರ್ವ ಆಫ್ರಿಕಾದ ಪುಟ್ಟ ದೇಶ. ಅಲ್ಲಿನ ಭಾಷೆಯಲ್ಲಿ ಇಂಗೋಮ ಅಂದ್ರೆ ವಾದ್ಯವೂ ಹೌದು, ರಾಜ್ಯವೂ ಹೌದು, ಒಂದೇ ಮಾತು. ಹತ್ತು ಹನ್ನೆರಡು ಜನ ದೊಡ್ಡ ದೊಡ್ಡ ಮರದ ಇಂಗೋಮಗಳನ್ನು ತಲೆಯ ಮೇಲೆ ಹೊತ್ತು, ಹೊತ್ತುಕೊಂಡೇ ಬಾರಿಸುತ್ತಾ ಬರುತ್ತಾರೆ. ಅರ್ಧಚಂದ್ರಾಕಾರಕ್ಕೆ ನಿಲ್ಲುತ್ತಾರೆ, ನಡುವೆ ಒಂದನ್ನು ಇಟ್ಟು ಒಬ್ಬೊಬ್ಬರೇ ಬಂದು ಕುಣಿದು ಬಡಿಯುತ್ತಾರೆ. 2014ರಲ್ಲಿ ಯುನೆಸ್ಕೋ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ವಿಡಿಯೋ ನೋಡಿದಾಗ ನಮ್ಮ ಡೊಳ್ಳಿನ ಹುಡುಗರು ಎದ್ದು ನಿಂತುಬಿಟ್ಟಿದ್ದರು.

ಆ ಇಂಗೋಮದ ಭಾಗಗಳಿಗೆ ಇಟ್ಟಿರುವ ಹೆಸರು ಕೇಳಿ. ಚರ್ಮವನ್ನು ಹಿಡಿದಿಟ್ಟಿರುವ ಗೂಟಗಳಿಗೆ ಮೊಲೆ ಅನ್ನುತ್ತಾರೆ. ಒಡಲಿಗೆ ಹೊಟ್ಟೆ. ತುದಿಗೆ ಹೊಕ್ಕುಳಬಳ್ಳಿ. ಮೇಲಿನ ಚರ್ಮಕ್ಕೆ ತಾಯಿ ಮಗುವನ್ನು ಕಟ್ಟಿಕೊಳ್ಳುವ ಜೋಳಿಗೆಯ ಹೆಸರು. ಅಡಿಯಿಂದ ಮುಡಿವರೆಗೆ ತಾಯಿ. ಆದರೆ ಹೆಂಗಸರು ಬಾರಿಸಬಾರದು. 2017ರಲ್ಲಿ ಅಲ್ಲಿನ ಸರ್ಕಾರ ಆದೇಶವನ್ನೇ ಹೊರಡಿಸಿತು, ಹೆಂಗಸರು ಇಂಗೋಮ ಬಡಿಯುವಂತಿಲ್ಲ ಅಂತ.

ಪಕ್ಕದ ರುವಾಂಡಾದಲ್ಲೂ ಹೆಂಗಸರು ಕೋಲು ಹಿಡಿಯುವ ಹಾಗಿರಲಿಲ್ಲ. 1994ರ ನರಮೇಧ ಅಲ್ಲಿ ಲಕ್ಷಾಂತರ ಜನರನ್ನು ಕೊಂದಿತು. ಅದಾಗಿ ಸುಮಾರು ಹತ್ತು ವರ್ಷಕ್ಕೆ ಒಡಿಲ್ ಕಟೆಸೆ ಅನ್ನುವ ನಾಟಕಕಾರ್ತಿ ಹೆಂಗಸರದ್ದೇ ಒಂದು ತಂಡ ಕಟ್ಟಿದರು, ಇಂಗೋಮ ನ್ಶ್ಯಾ ಅಂತ. ಕೊಂದವರ ಮನೆಯವರು, ಸತ್ತವರ ಮನೆಯವರು, ಎರಡೂ ಕಡೆಯ ಹೆಂಗಸರು ಒಂದೇ ಸಾಲಿನಲ್ಲಿ ನಿಂತು ಬಾರಿಸಿದರು. ಗುಂಪಿನಲ್ಲಿ ಬಾರಿಸುವಾಗ ಪಕ್ಕದವಳ ಕೈ ಕೇಳಿಸಿಕೊಳ್ಳದೆ ನಿನ್ನ ಕೈ ಬೀಳುವಂತಿಲ್ಲ. ನಾನು ಆ ದಿನ ಪಾಠ ಮಾಡುತ್ತಾ ಇಲ್ಲಿಗೆ ಬಂದಾಗ ಮಾತು ನಿಲ್ಲಿಸಿಬಿಟ್ಟೆ, ಗಂಟಲು ಕಟ್ಟಿತ್ತು.

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಗುಡಿ ಡೊಳ್ಳು ನಾವು ಹುಡ್ಗೀರು ಬಾರಿಸ್ತೀವಲ್ಲ, ಅದಕ್ಕೆ ಯಾರೂ ಏನೂ ಅನ್ನಲಿಲ್ವಾ?"

ಅಂದಿದ್ದರು. ಡೊಳ್ಳು ನಮ್ಮ ಕಡೆ ಹಾಲುಮತದವರದ್ದು, ಬೀರಪ್ಪನ ಸೇವೆ. ಶಿವ ಡೊಳ್ಳಾಸುರನನ್ನು ಕೊಂದು ಅವನ ಚರ್ಮದಿಂದಲೇ ಡೊಳ್ಳು ಮಾಡಿದ ಅನ್ನುವ ಕತೆ ಇಲ್ಲಿನ ಮುದುಕರಿಗೆಲ್ಲ ಗೊತ್ತು. ಕರ್ನಾಟಕದಲ್ಲಿ ಈಗ ಹೆಣ್ಣುಮಕ್ಕಳ ಡೊಳ್ಳಿನ ತಂಡ ಬೇಕಾದಷ್ಟಿವೆ. ಆದರೂ ನಾನು ಕೇಳಲು ಹೋದಾಗ ಗುಡಿಯ ಹಿರಿಯರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಪೂಜೆ ಡೊಳ್ಳು ಬ್ಯಾಡ, ಕುಣಿಯೋ ಡೊಳ್ಳು ಒಯ್ರಿ" ಅಂದರು. ಇದನ್ನು ಇದ್ದಂತೆಯೇ ಮಕ್ಕಳಿಗೆ ಹೇಳಿದೆ. ಬುರುಂಡಿಯವರನ್ನು ಮಾತ್ರ ಬೈದು ಕೂತರೆ ಅದು ಪಾಠ ಅಲ್ಲ.

ಇನ್ನು ಉರುಗ್ವೆ. ದಕ್ಷಿಣ ಅಮೆರಿಕಾದ ಈ ದೇಶದ ಮೊಂಟೆವಿಡಿಯೋ ಪಟ್ಟಣದಲ್ಲಿ ಕಂದೊಂಬೆ ಅಂತ ಒಂದು ಬೀದಿ ಬಡಿತ ಇದೆ. ಗುಲಾಮರಾಗಿ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡದ್ದು. ಚಿಕೋ, ರೆಪಿಕೆ, ಪಿಯಾನೋ ಅಂತ ಮೂರು ಗಾತ್ರದ ವಾದ್ಯ. ಹೆಗಲಿಗೆ ಹಾಕಿಕೊಂಡು ಸಾಲು ಸಾಲಾಗಿ ಓಣಿಯಲ್ಲಿ ನಡೆಯುತ್ತಾರೆ. ಹೊರಡುವ ಮೊದಲು ಬೀದಿಯ ಮೂಲೆಯಲ್ಲಿ ಬೆಂಕಿ ಹಾಕಿ, ಅದರ ಸುತ್ತ ವಾದ್ಯಗಳನ್ನು ಚರ್ಮದ ಮುಖ ಬೆಂಕಿಗೆ ಮಾಡಿ ಒರಗಿಸಿ ಕಾಯುತ್ತಾರೆ. ಚರ್ಮ ಒಣಗಿ ಬಿಗಿಯಾದ ಮೇಲೇ ಹೆಗಲಿಗೆ.

ಆ ಫೋಟೋ ತೋರಿಸಿದ ದಿನ ಮುಂದಿನ ಬೆಂಚಿನ ಒಂದು ಹುಡುಗಿ, ಹೆಸರು ಬೇಡ, ಜಾಸ್ತಿ ಮಾತಾಡದವಳು, ಮೆಲ್ಲಗೆ ಅಂದಳು. "ನಮ್ಮಜ್ಜ ಹಲಗಿ ಹಿಂಗೇ ಕಾಸ್ತಿದ್ದ."

ನನಗೆ ಎಲ್ಲಿಲ್ಲದ ಉತ್ಸಾಹ. ಹಲಗೆ ನಮ್ಮ ಜಿಲ್ಲೆಯ ಉಸಿರು. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ಹಲಗೆಯ ಸದ್ದಿಗೆ ಎದೆಯೊಳಗೆ ನಡುಕ ಹುಟ್ಟುತ್ತದೆ. ಒಂದು ಕೈಯಲ್ಲಿ ಸಣ್ಣ ಬಿದಿರು ಸೀಳು, ಇನ್ನೊಂದರಲ್ಲಿ ಗಿಡ್ಡ ದಪ್ಪ ಕೋಲು. ಸೀಳು ಚಿಟಚಿಟ ಅನ್ನುತ್ತಿದ್ದರೆ ದಪ್ಪ ಕೋಲು ನಡುವೆ ಬಂದು ಗುದ್ದುತ್ತದೆ. ನಾನು ಚಿಕ್ಕವಳಿದ್ದಾಗ ನಾಯಕನಹಟ್ಟಿ ಜಾತ್ರೆಯಲ್ಲಿ ಉರುಮೆ ಕೇಳಿ ಹೆದರಿ ಅಪ್ಪನ ಕಾಲು ಹಿಡಿದುಕೊಂಡಿದ್ದೆ. ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿದರೆ ಅದು ಮನುಷ್ಯರ ಹಾಗೆ ನರಳುತ್ತದೆ. ಅದೆಲ್ಲ ಈ ಮಕ್ಕಳಿಗೆ ಒಂದೇ ಕಡೆ ಸಿಗಬೇಕು ಅನ್ನುವ ಆಸೆ ನನ್ನದು. ಅದೇ ಸಂಜೆ ಆ ಹುಡುಗಿಯ ಕೇರಿಗೆ ಹೋದೆ.

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ನೀರು ಕೊಟ್ಟರು, ಚಾ ಕೊಟ್ಟರು. ನಾನು ಬಂದ ವಿಷಯ ಹೇಳಿದೆ, ಶಾಲೆಗೆ ಬಂದು ಮಕ್ಕಳಿಗೆ ಹಲಗೆ ಕಲಿಸಿ ಅಂತ. ಅವರು ನನ್ನ ಮುಖ ನೋಡಲಿಲ್ಲ.

"ಬಿಟ್ಟು ಇಪ್ಪತ್ತು ವರ್ಷ ಆತು ಮೇಡಂ. ಯಾರಾದ್ರೂ ಸತ್ರೆ ನಡುರಾತ್ರಿ ಬಂದು ಕೂಗೋರು. ಹೆಸರು ಹಿಡಿದು ಅಲ್ಲ, ಲೇ ಅಂತ. ಬಡದು ಬಡದು ಕೈ ಬಾತುಹೋಗಿರೋದು, ಊಟ ಮಾತ್ರ ಹೊರಗೆ, ಎಲೆ ದೂರ. ಒಂದಿನ ಒಯ್ದು ಒಲಿಗೆ ಹಾಕಿದೆ. ನನ್ನ ಮಗ ಹಿಡೀಬಾರದು ಅಂತ."

ನಾನು ಸುಮ್ಮನೆ ಕೂತೆ. ಏನು ಹೇಳಲಿ? ಬರುವಾಗ ಮನಸ್ಸಿನಲ್ಲಿ ಜಪಾನಿನ ಒಂದು ಕತೆ ಇಟ್ಟುಕೊಂಡು ಹೋಗಿದ್ದೆ. ಅಲ್ಲಿಯೂ ತೈಕೋಗೆ ಚರ್ಮ ಹದ ಮಾಡಿ ಬಿಗಿಯುವವರನ್ನು ಬುರಾಕುಮಿನ್ ಅಂತ ಊರಾಚೆ ಇಟ್ಟಿದ್ದರು. 1871ರಲ್ಲಿ ಕಾನೂನಿನ ಪ್ರಕಾರ ಆ ಭೇದ ಹೋಯಿತು, ಮದುವೆ, ಕೆಲಸದ ವಿಷಯ ಬಂದಾಗ ಹೋಗಲಿಲ್ಲ. ದೇವಸ್ಥಾನದಲ್ಲಿ ತೈಕೋಗೆ ಗೌರವ, ಮಾಡಿದವನಿಗೆ ಇಲ್ಲ. ಒಸಾಕಾದ ನಾನಿವಾ ಅನ್ನುವ ಕೇರಿಯಲ್ಲಿ ತಲೆಮಾರುಗಳಿಂದ ತೈಕೋ ಮಾಡುತ್ತಿದ್ದವರ ನಡುವೆ 1987ರಲ್ಲಿ ಯುವಕರು ತಮ್ಮದೇ ತಂಡ ಕಟ್ಟಿದರು. ಹೆಸರು ಇಕಾರಿ. ಅಂದ್ರೆ ಸಿಟ್ಟು. ಮಾಡಿದ ಕೈಯೇ ಬಾರಿಸಲಿ ಅಂತ.

ಈ ಕತೆಯನ್ನು ಅಜ್ಜನಿಗೆ ಹೇಳಿದರೆ ಒಪ್ಪುತ್ತಾರೆ ಅನ್ನುವುದು ನನ್ನ ಲೆಕ್ಕ. ಹೇಳಲಿಲ್ಲ. ಒಸಾಕಾದ ಹುಡುಗರು ಮರ್ಯಾದೆಗಾಗಿ ಕೋಲು ಹಿಡಿದರು, ಈ ಅಜ್ಜ ಮರ್ಯಾದೆಗಾಗಿಯೇ ಕೋಲು ಬಿಟ್ಟರು. ಎರಡೂ ಒಂದೇ ಸಿಟ್ಟು. ಹಲಗೆಯ ಕಲೆ ಅಳಿದುಹೋಗುತ್ತಿದೆ ಅಂತ ನಮ್ಮಂಥವರು ಭಾಷಣ ಮಾಡುತ್ತೇವೆ, ಅದನ್ನು ಒಲೆಗೆ ಹಾಕಿದವರ ಕಟ್ಟೆಯ ಮೇಲೆ ಕೂತು ಕೇಳಿದರೆ ಆ ಮಾತು ಬಾಯಿಂದ ಹೊರಗೆ ಬರುವುದಿಲ್ಲ. ಅವರ ಹತ್ತಿರ ಇನ್ನೊಮ್ಮೆ ಕೇಳಬಾರದು ಅಂತ ನಿರ್ಧಾರ ಮಾಡಿದೆ. ನಮ್ಮ ತಂಡದಲ್ಲಿ ಹಲಗೆ ಇಲ್ಲ. ಯಾಕೆ ಇಲ್ಲ ಅನ್ನುವುದು ಮಕ್ಕಳಿಗೆ ಗೊತ್ತು, ಆ ಹುಡುಗಿಯ ಒಪ್ಪಿಗೆ ಕೇಳಿಯೇ ಹೇಳಿದೆ. ಬೋರ್ಡಿನ ಮೇಲಿನ ಮೂರು ಪ್ರಶ್ನೆಯ ಕೆಳಗೆ ಒಬ್ಬ ಹುಡುಗ ನಾಲ್ಕನೆಯದು ಬರೆದ. ಇದನ್ನು ಯಾರು ಬೇಡ ಅಂದರು?

ಆಗಸ್ಟ್ ತಿಂಗಳ ಒಂದು ಶನಿವಾರ. ಮೂರು ದಿನದಿಂದ ಜಿಟಿಜಿಟಿ ಮಳೆ. ಜೆಂಬೆಯ ಚರ್ಮ ಒದ್ದೆ ರೊಟ್ಟಿಯ ಹಾಗೆ ಮೆತ್ತಗಾಗಿತ್ತು, ಎಷ್ಟು ಹೊಡೆದರೂ ಬೊದ್ ಬೊದ್. ಶಾಲೆ ಬಿಟ್ಟ ಮೇಲೂ ನಾವು ನಾಲ್ಕೈದು ಜನ ಜಗುಲಿಯಲ್ಲಿ ಹಗ್ಗ ಎಳೆದು ಸೋತಿದ್ದೆವು. ಮೊಮ್ಮಗಳಿಗೆ ಕೊಡೆ ತಂದ ಅಜ್ಜ ಮೆಟ್ಟಿಲ ಕೆಳಗೇ ನಿಂತಿದ್ದರು. ಒಳಗೆ ಬನ್ನಿ ಅಂದೆ. ಬಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ, ಚರ್ಮದ ಅಂಚಿನಲ್ಲಿ ಹೆಬ್ಬೆರಳು ಇಟ್ಟು ಸುತ್ತಲೂ ಒತ್ತುತ್ತಾ ಬಂದರು, ವೈದ್ಯರು ಹೊಟ್ಟೆ ಒತ್ತಿ ನೋಡಿದ ಹಾಗೆ.

"ಆಡಿಂದು. ಬೆನ್ನೆಲುಬು ನಡಕ್ಕೆ ಬಂದೈತಿ, ಚಲೋ ಹಾಕ್ಯಾರ" ಅಂದರು. "ಎಲ್ಲೀದು ಇದು?"

ಗಿನಿ ದೇಶದ್ದು ಅಜ್ಜ, ಆಫ್ರಿಕಾ, ಅಂತ ಮೊಮ್ಮಗಳು ಹೇಳಿದಳು.

"ಅವರೂ ಕಾಸ್ತಾರಾ?"

ಉರುಗ್ವೆಯ ಬೆಂಕಿಯ ಕತೆಯನ್ನು ಅವಳೇ ಹೇಳಿದಳು, ಬೀದಿಯ ಮೂಲೆ, ಸುತ್ತ ಒರಗಿಸಿದ ವಾದ್ಯಗಳು, ಕೈ ಕಾಯಿಸಿಕೊಳ್ಳುತ್ತಾ ಕಾಯುವ ಜನ. ಅಜ್ಜ ಕೇಳಿಸಿಕೊಂಡರು. ಬಿಸಿಯೂಟದ ಕೋಣೆಯ ಹಿಂದೆ ಒಣಗಿದ ಭತ್ತದ ಹುಲ್ಲು ಇತ್ತು, ಒಂದು ಹಿಡಿ ತರಿಸಿಕೊಂಡು ಸೂರಿನ ಅಡಿಯಲ್ಲಿ ಬೆಂಕಿ ಮಾಡಿದರು. ಜೆಂಬೆಯನ್ನು ಎರಡೂ ಕೈಯಲ್ಲಿ ಎತ್ತಿ, ಜ್ವಾಲೆಗೆ ಅಲ್ಲ, ಜ್ವಾಲೆ ಇಳಿದ ಮೇಲೆ ಬರುವ ಕಾವಿಗೆ ಚರ್ಮವನ್ನು ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದೇ ಕಡೆ ನಿಲ್ಲಿಸಿದರೆ ಸೀಳುತ್ತದೆ ಅಂತ ಹೇಳಿದರು. ಹುಲ್ಲಿನ ಹೊಗೆ ಕಣ್ಣಿಗೆ ಬರುತ್ತಿತ್ತು, ಮಕ್ಕಳು ಯಾರೂ ಕದಲಲಿಲ್ಲ.

ಅವರು ಬಾರಿಸಲಿಲ್ಲ. ಬಾರಿಸಿ ಅಂತ ನಾನೂ ಹೇಳಲಿಲ್ಲ. ಮೊಮ್ಮಗಳ ಮುಂದೆ ಹಿಡಿದು, ನೋಡು ಅಂದರು. ಅವಳು ಬೆರಳ ತುದಿಯಿಂದ ಅಂಚಿಗೆ ಒಂದು ಹೊಡೆದಳು. ಬೊದ್ ಅನ್ನುತ್ತಿದ್ದದ್ದು ಟಣ್ ಅಂತು.

"ಇನ್ನೂ ಸ್ವಲ್ಪ" ಅಂದರು ಅಜ್ಜ, ಮತ್ತೊಂದು ಹಿಡಿ ಹುಲ್ಲು ಹಾಕಿದರು.